ಹೋಗಿ ನೋಡಬಹುದಾದ ಹೆಸರು



ನನ್ನದು ಸಾಫ್ಟ್‌ವೇರ್ ಕೆಲಸ. ಹಾಗಾಗಿ ನಾನು ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡುತ್ತೇನೆ ಎಂದು ಕೆಲವರಾದರೂ ಎಣಿಸಿರಬಹುದು. ಆದರೆ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಚರ್ಚೆಯಾಗುತ್ತಿರುವುದು ಒಂದೇ ವಿಷಯ: ನಮ್ಮ ಎರಡನೆಯ ಹೆಣ್ಣುಮಗುವಿಗೆ ಏನು ಹೆಸರಿಡುವುದು? ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆಲ್ಲ ಇದು ಸಂಬಂಧಪಟ್ಟ ವಿಷಯ ಎನ್ನಿಸಿ, ಅದನ್ನೇ ಆರಿಸಿಕೊಂಡೆ.

ಅಭ್ಯಾಸಬಲದಿಂದ ಮೊದಲು ಒಂದು ಎಕ್ಸೆಲ್ ಶೀಟ್ ಮಾಡಿದೆ. ಬಂಧುಗಳ ವಾಟ್ಸಾಪ್ ಗುಂಪಿನಿಂದ, ಮೊಬೈಲ್ ಆ್ಯಪ್‌ಗಳಿಂದ 63 ಹೆಸರು ಸೇರಿದವು. ಪ್ರತಿ ಹೆಸರಿನ ಮುಂದೆ ಕಾಲಂಗಳು: ಅರ್ಥ ಏನು, ಇಂಗ್ಲಿಷಿನಲ್ಲಿ ಬರೆದರೆ ಹೇಗೆ ಓದುತ್ತಾರೆ, ಪುಣೆಯ ಶಾಲೆಯಲ್ಲಿ ಹೇಗೆ ಕರೆಯುತ್ತಾರೆ.

ಕನ್ನಡದ ಚೆಂದದ ಹೆಸರುಗಳು ಒಂದೊಂದಾಗಿ ಇಲ್ಲೇ ಉದುರತೊಡಗಿದವು. 'ಮಳೆ' ಎಂದು ಇಡೋಣವೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಅದು 'ಮೇಲ್' ಆಗುತ್ತದೆ. ಅರ್ಜಿಯಲ್ಲಿ ಹೆಸರಿನ ಕೆಳಗೇ 'ಫೀಮೇಲ್' ಎಂದು ಗುರುತು ಹಾಕಬೇಕು! 'ಬೆಳ್ಳಿ' ಹೊಟ್ಟೆಯಾಗುತ್ತದೆ. 'ಇಳಾ' ಎಂದರೆ ಭೂಮಿ. ಮರಾಠಿಯವರಿಗೆ ನಮ್ಮ ಹಾಗೆಯೇ 'ಳ' ಇದೆ, ದೆಹಲಿಯ ಸಹೋದ್ಯೋಗಿಗೆ ಇಲ್ಲ, ಇಂಗ್ಲಿಷ್ ಅಕ್ಷರಕ್ಕಂತೂ ಇಲ್ಲವೇ ಇಲ್ಲ. 'ಇಂಚರ' ನನಗೆ ಬಹಳ ಇಷ್ಟ. ಇನಿದಾದ ಸರ, ಅಂದರೆ ಇಂಪಾದ ದನಿ. ಪಕ್ಕದ ಮನೆಯ ಕಾಕೂ ಮೆಲ್ಲಗೆ ಹೇಳಿದರು, "ಶಾಲೆಯಲ್ಲಿ ಹುಡುಗರು ಪ್ರಾಸ ಕಟ್ಟುತ್ತಾರಮ್ಮಾ, ಇಂಚರಾ-ಕಚರಾ ಅಂತ."

ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಕೊನೆಗೆ ಉಳಿದವು ಎಂಥ ಹೆಸರುಗಳು ಗೊತ್ತೆ? ಎರಡಕ್ಷರದ, ಯಾವ ಊರಿನವೂ ಅಲ್ಲದ, ಯಾವ ಭಾಷೆಯವೂ ಅಲ್ಲದ ಹೆಸರುಗಳು. ಅರ್ಥದ ಜಾಗದಲ್ಲಿ 'ಸುಂದರಿ', 'ಲಕ್ಷ್ಮಿಯ ಇನ್ನೊಂದು ಹೆಸರು' ಎಂದಿರುತ್ತದೆ. ನಿಘಂಟು ತೆಗೆದರೆ ಕೆಲವು ಪದಗಳೇ ಅದರಲ್ಲಿಲ್ಲ.

ಆಗ ಇನ್ನೊಂದು ಕಾಲಂ ಸೇರಿಸಿದೆ: 'ಹೋಗಿ ನೋಡಬಹುದೆ?' ದೊಡ್ಡವಳಾದ ಮೇಲೆ ಮಗಳು "ಅಮ್ಮ, ನನ್ನ ಹೆಸರು ಎಲ್ಲಿಂದ ಬಂತು?" ಎಂದರೆ, ಕೈಹಿಡಿದು ಒಂದು ಹೊಳೆಯ ದಂಡೆಗೆ ಕರೆದುಕೊಂಡು ಹೋಗಬೇಕು. ಇಲ್ಲವೆ ಒಂದು ಮರ ತೋರಿಸಬೇಕು, ಒಂದು ಪುಸ್ತಕ ಕೈಗಿಡಬೇಕು. ನಮ್ಮ ದೊಡ್ಡ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಕನ್ನಡ ಊಟದ ಹೊತ್ತಿಗೆ ಮಾತ್ರ. ಇಂಥ ಮಕ್ಕಳು ಮನೆಯ ಹೊರಗೆ ದಿನವೂ ಕೇಳುವ ಒಂದೇ ಒಂದು ಕನ್ನಡದ ಪದ ಅವರ ಹೆಸರೇ ಆಗಿರಬಹುದು. ಆ ಒಂದು ಪದದಲ್ಲಾದರೂ ಒಂದು ಊರು ಇರಲಿ, ಒಂದು ಕಥೆ ಇರಲಿ.

ಹೀಗೆ ನೋಡಿದಾಗ ಮೊದಲು ಕಂಡದ್ದು ಹೊಳೆಗಳು. ನಿಸರ್ಗದ ಹೆಸರಿಡುವುದು ಹೊಸ ಫ್ಯಾಷನ್ ಎಂದು ನಾವು ತಿಳಿದಿದ್ದೇವೆ. ಗಂಗವ್ವ, ತುಂಗವ್ವ, ಕೃಷ್ಣಾಬಾಯಿ, ಕಾವೇರಮ್ಮ, ಇವರೆಲ್ಲ ಯಾರು? ನಮ್ಮ ಅಜ್ಜಿಯರೇ ಅಲ್ಲವೆ! ನನ್ನ ತವರು ಧಾರವಾಡದ ಕಡೆ. ಅಲ್ಲಿಂದ ಶಾಲ್ಮಲಾ ಬಂತು, ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭಾ ಬಂತು. ಯಜಮಾನರದು ಶಿವಮೊಗ್ಗ, ಅವರದು ಒಂದೇ ಹಟ, ತುಂಗಾ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲೇ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಮತ್ತೆ ಒಂದಾಗುತ್ತವೆ. ಅಕ್ಕ-ತಂಗಿಯರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ?

ಪುಣೆಯಲ್ಲಿರುವ ನಮಗೆ ಇನ್ನೂ ಹತ್ತಿರದ ನಂಟೊಂದಿದೆ. ನಮ್ಮ ಮುಳಾ-ಮುಠಾ ನೀರು ಭೀಮೆಗೆ ಸೇರುತ್ತದೆ. ಭೀಮೆ ವಿಜಯಪುರ, ಕಲಬುರಗಿಗಳನ್ನು ಹಾದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ನಾವು ದಿನವೂ ದಾಟುವ ಸೇತುವೆಯ ಕೆಳಗಿನ ನೀರು ನಮಗಿಂತ ಮೊದಲೇ ಊರು ಮುಟ್ಟುತ್ತದೆ!

ಇನ್ನು ಸಾಹಿತ್ಯಕ್ಕೆ ಬರೋಣ. ಕುವೆಂಪು ತಮ್ಮ ಹೆಣ್ಣುಮಕ್ಕಳಿಗೆ ಇಟ್ಟ ಹೆಸರು ಇಂದುಕಲಾ, ತಾರಿಣಿ. ಒಂದು ಚಂದ್ರನ ಕಲೆ, ಇನ್ನೊಂದು ದಾಟಿಸುವವಳು. ಆ ತಾರಿಣಿಯವರೇ ಮುಂದೆ 'ಮಗಳು ಕಂಡ ಕುವೆಂಪು' ಬರೆದರು. ಅನಸೂಯಾ ಶಂಕರ್ ಅವರು ಲೇಖಕಿಯಾಗಿ ಬರೆದದ್ದು ತ್ರಿವೇಣಿ ಎಂಬ ಹೆಸರಿನಲ್ಲಿ. ಮೂರು ನದಿಗಳನ್ನು ಒಂದೇ ಹೆಸರಲ್ಲಿ ಕೂಡಿಸಿಕೊಂಡರು.

ತ್ರಿವೇಣಿ ಎಂದೊಡನೆ ನಮ್ಮ ಮನೆಯ ಜಗಳವೊಂದನ್ನು ಹೇಳಲೇಬೇಕು. ನಾನು 'ಕಾವೇರಿ' ಎಂದೆ. ಅವ್ವ ತಕ್ಷಣ, "ಬ್ಯಾಡವಾ, ಶರಪಂಜರದ ಕಾವೇರಿ ನೆನಪಾಗ್ತಾಳ" ಎಂದಳು. 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಆ ಸಿನಿಮಾದಲ್ಲಿ ಕಲ್ಪನಾ ಮಾಡಿದ ಪಾತ್ರ ನಿಮಗೆಲ್ಲ ಗೊತ್ತು. ಬಾಣಂತನದಲ್ಲಿ ಮನಸ್ಸಿಗೆ ಕಾಯಿಲೆಯಾಗಿ, ಗುಣವಾಗಿ ಮನೆಗೆ ಬಂದವಳನ್ನು ಸುತ್ತಲಿನವರು ಗುಣವಾಗಲು ಬಿಡಲಿಲ್ಲ. ನಾನು ಅವ್ವನಿಗೆ ಹೇಳಿದೆ, "ಅಕೀನ್ನ ಕೆಡಿಸಿದ್ದು ಹೆಸರಲ್ಲವಾ, ಮಂದಿ." ಎಳೆ ಬಾಣಂತಿಯಾಗಿ ಕೂತು ಈ ಮಾತು ಆಡುವಾಗ ನನ್ನ ದನಿ ಸ್ವಲ್ಪ ನಡುಗಿತು. ಅವ್ವ ಏನೂ ಅನ್ನದೆ ಎದ್ದು ಹೋಗಿ ನನಗೆ ಬಿಸಿ ಹಾಲು ತಂದುಕೊಟ್ಟಳು.

ಹೆಸರು ಹಣೆಬರಹ ಬರೆಯುವುದಿಲ್ಲ, ನಿಜ. ಆದರೆ ಮಗುವನ್ನು ನಾವು ಹೇಗೆ ಬರಮಾಡಿಕೊಂಡೆವು ಎಂಬುದನ್ನು ಅದು ಹೇಳುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಇರುವುದು ಸಾತಾರಾ ಜಿಲ್ಲೆಯಲ್ಲಿ. ಅದೇ ಜಿಲ್ಲೆಯಲ್ಲಿ 'ನಕುಶಾ', ಅಂದರೆ 'ಬೇಡವಾದವಳು' ಎಂಬ ಹೆಸರು ಹೊತ್ತ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಹೊಸ ಹೆಸರು ಕೊಡಿಸಿತು. ನಮ್ಮಲ್ಲೇನು ಕಡಿಮೆ? ಸಾಕವ್ವ, ಸಾಕಮ್ಮ ಎಂಬ ಅಜ್ಜಿಯರು ನಿಮಗೂ ಗೊತ್ತಿರಬಹುದು. ಎಲ್ಲ ಮನೆಯಲ್ಲೂ ಅದರ ಅರ್ಥ ಒಂದೇ ಎಂದಲ್ಲ. ಆದರೆ ನನ್ನ ಅಜ್ಜಿಯ ತಂಗಿ ಸತತ ನಾಲ್ಕನೆಯ ಹೆಣ್ಣು. ಅವಳಿಗೆ ಆ ಹೆಸರಿಟ್ಟದ್ದು 'ಇನ್ನು ಸಾಕು' ಎಂದೇ. ಎಂಬತ್ತು ವರ್ಷ ಅವಳು ಆ ಹೆಸರಿಗೆ 'ಓ' ಎಂದಳು.

ಈ ಸಲ ಆಸ್ಪತ್ರೆಗೆ ನೋಡಲು ಬಂದವರಲ್ಲಿ ಇಬ್ಬರು "ಮತ್ತ ಹೆಣ್ಣಾ?" ಎಂದರು. 'ಮತ್ತೆ' ಎಂಬ ಆ ಪದ ನನ್ನ ಮಗಳ ಮೊದಲ ಹೆಸರಾಗಬಾರದು. ಮೂರು ಶತಮಾನಗಳ ಹಿಂದೆ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಹೆಣ್ಣೆಂದು ಜರೆಯುವವರಿಗೆ ಅದರಲ್ಲಿ ಅವರವರ ತಾಯಿಯನ್ನೇ ನೆನಪಿಸಿದಳು. ಆ ಮಾತನ್ನು ನಾವು ಇಂದೂ ಹೇಳಬೇಕಾಗಿದೆ.

ಇಲ್ಲಿರುವ ಎಳೆಯ ತಾಯಂದಿರಿಗೆ, ಆಗಲಿರುವವರಿಗೆ ಒಂದೆರಡು ಕೆಲಸದ ಮಾತು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರಿಗೆ ಆ ಅವಸರವಿಲ್ಲ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಗಡಿಬಿಡಿಯಲ್ಲಿ ಏನೋ ಬರೆಸಬೇಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಚಾಲನಾ ಪರವಾನಗಿವರೆಗೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನು ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ. ಅಡ್ಡಹೆಸರು ಬರೆಸುವುದೋ, ಅಪ್ಪನ ಹೆಸರೋ ಎಂಬುದನ್ನೂ ಆಗಲೇ ಗಟ್ಟಿಮಾಡಿಕೊಳ್ಳಿ.

ಹಿರಿಯರ ಮನಸ್ಸು ನೋಯಿಸುವುದೂ ಬೇಡ. ನಮ್ಮ ಅತ್ತೆಯವರಿಗೆ ಮನೆದೇವರ ಹೆಸರೇ ಬೇಕಿತ್ತು. ನಮ್ಮ ಸಂಪ್ರದಾಯದಲ್ಲಿ ನಕ್ಷತ್ರದ ಹೆಸರು, ದೇವರ ಹೆಸರು, ವ್ಯವಹಾರದ ಹೆಸರು ಎಂದು ಎಲ್ಲಕ್ಕೂ ಜಾಗವಿದೆ. ತೊಟ್ಟಿಲಲ್ಲಿ ಅವರ ಹೆಸರು, ಪ್ರಮಾಣಪತ್ರದಲ್ಲಿ ನಮ್ಮದು ಎಂದು ರಾಜಿಯಾಯಿತು. "ಶಾಲಿಯೊಳಗ ಏನರ ಕರೀರಿ, ನಾ ಮಾತ್ರ ನನ್ನ ದೇವರ ಹೆಸರಲೇ ಕರೀತೀನಿ" ಎಂದು ಅವ್ವನೂ ತನ್ನ ಆಯ್ಕೆಯೊಂದನ್ನು ಸೇರಿಸಿದ್ದಾಳೆ. ಪ್ರೀತಿಯಿಂದ ಕರೆಯುವವರು ಎಷ್ಟು ಜನವಿದ್ದರೂ ಮಗುವಿಗೆ ಹೆಚ್ಚೇನಾಗದು.

ಈಗ ನಿಮ್ಮೆಲ್ಲರ ಪ್ರಶ್ನೆ ನನಗೆ ಗೊತ್ತು: ಕೊನೆಗೆ ಯಾವ ಹೆಸರು? ಹೊಳೆಯ ಹೆಸರು ಎಂದಷ್ಟೇ ಹೇಳಬಲ್ಲೆ. ಮುಂದಿನ ವಾರ ತೊಟ್ಟಿಲು. ಸೋದರತ್ತೆ ಬಂದು ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವ ಶಾಸ್ತ್ರ ಧಾರವಾಡದಲ್ಲೂ ಇದೆ, ಪುಣೆಯಲ್ಲೂ ಇದೆ. ಅವಳ ಹೆಸರನ್ನು ಮೊದಲು ಅವಳೇ ಕೇಳಿಸಿಕೊಳ್ಳಲಿ. ಆಮೇಲೆ ನಿಮಗೆಲ್ಲ ಪೇಢೆ ಕೊಟ್ಟು ಹೇಳುತ್ತೇನೆ.