ನಡುಗುವ ನಕ್ಷತ್ರ



ದೂರದರ್ಶಕ ಎಂದೊಡನೆ ನಮ್ಮ ಮನಸ್ಸು ಗಾಜಿನ ಕಡೆಗೆ ಹರಿಯುತ್ತದೆ. ಮಸೂರ ಎಷ್ಟು ಅಗಲ, ಕನ್ನಡಿ ಎಷ್ಟು ನುಣುಪು, ಎಷ್ಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ ಎಂದು ವಿಚಾರಿಸುವವರು ಬಹಳ. ಆ ಗಾಜನ್ನು ಹೊತ್ತು ನಿಲ್ಲುವ ಕಾಲುಗಳನ್ನು ಕುರಿತು ಕೇಳುವವರು ವಿರಳ. ಆದರೆ ಹವ್ಯಾಸಿಗಳ ದೂರದರ್ಶಕ ಅಟ್ಟ ಸೇರುವುದಕ್ಕೆ ಕಾರಣ, ನಾನು ಕಂಡಮಟ್ಟಿಗೆ, ಗಾಜಿಗಿಂತ ಹೆಚ್ಚಾಗಿ ಆ ಕಾಲುಗಳೇ. ನಳಿಗೆಯನ್ನು ಹೊತ್ತು, ಬೇಕಾದತ್ತ ತಿರುಗಿಸಿ, ಅಲ್ಲಿಯೇ ಹಿಡಿದು ನಿಲ್ಲಿಸುವ ಈ ಭಾಗಕ್ಕೆ ಬಳಕೆಯ ಹೆಸರು ಮೌಂಟ್. ನಾನು ಅದನ್ನು ಪೀಠ ಎಂದು ಕರೆಯುತ್ತೇನೆ. ಪೀಠಕ್ಕೆ ಬರುವ ರೋಗಗಳಾವುವು, ಅವುಗಳ ಮೂಲವನ್ನು ಪತ್ತೆಹಚ್ಚುವ ಬಗೆ ಹೇಗೆ ಎಂಬುದು ಇಂದಿನ ವಿಷಯ.

ಪೀಠದ ಮಹತ್ವವನ್ನು ಮನಗಾಣಲು ಚರಿತ್ರೆಯ ಒಂದು ಪುಟ ಸಾಕು. ಇಂದು ಎಸ್ಟೋನಿಯಾದಲ್ಲಿರುವ ಟಾರ್ಟು ನಗರಕ್ಕೆ ಹಿಂದೆ ಡಾರ್ಪಟ್ ಎಂದು ಹೆಸರು. ಅಲ್ಲಿನ ವೀಕ್ಷಣಾಲಯಕ್ಕೆ 1824ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಒಂದು ದೂರದರ್ಶಕವನ್ನು ನಿರ್ಮಿಸಿಕೊಟ್ಟ. ಅದರ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ. ನಳಿಗೆಯ ಭಾರಕ್ಕೆ ಎದುರುತೂಕ. ಆಕಾಶದ ಜೊತೆಜೊತೆಗೆ ನಳಿಗೆಯನ್ನು ತಿರುಗಿಸಲು ಗಡಿಯಾರದ ಯಂತ್ರ. ಆ ನೆಮ್ಮದಿಯ ಪೀಠದ ಮೇಲೆ ಕಣ್ಣಿಟ್ಟು ಖಗೋಳಜ್ಞ ಸ್ಟ್ರೂವ 1827ರ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಜೋಡಿ ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದ. ನಕ್ಷತ್ರ ಕಣ್ಣೆದುರು ನಿಲ್ಲದೆ ಹೋಗಿದ್ದರೆ ಎಷ್ಟು ಒಳ್ಳೆಯ ಮಸೂರವಿದ್ದರೂ ಈ ಕೆಲಸ ಸಾಗುತ್ತಿರಲಿಲ್ಲ.

ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ಅಂದರೆ ಚಂದ್ರಬಿಂಬದಷ್ಟು ಅಗಲದ ಆಕಾಶ ಎರಡೇ ನಿಮಿಷಗಳಲ್ಲಿ ಸರಿದುಹೋಗುತ್ತದೆ. ನೂರು ಪಟ್ಟು ಹಿಗ್ಗಿಸಿ ನೋಡುವಾಗ ಪೀಠದ ನಡುಕವೂ ನೂರು ಪಟ್ಟು ಹಿಗ್ಗುತ್ತದೆ. ಆದ್ದರಿಂದ ನಕ್ಷತ್ರ ಹೇಗೆ ವರ್ತಿಸುತ್ತಿದೆ ಎಂಬುದನ್ನು ಗಮನಿಸಿದರೆ ಪೀಠದ ಯಾವ ಅಂಗ ಕೆಟ್ಟಿದೆ ಎಂಬುದು ತಿಳಿಯುತ್ತದೆ. ವೈದ್ಯರು ನಾಡಿ ಹಿಡಿದಂತೆ, ನಾವು ನಕ್ಷತ್ರವನ್ನು ಹಿಡಿಯಬೇಕು. ಅದರ ಕೆಟ್ಟ ನಡತೆ ಮುಖ್ಯವಾಗಿ ಮೂರು ಬಗೆ: ನಡುಗುವುದು, ನೆಗೆಯುವುದು, ಜಾರುವುದು.

ಮೊದಲನೆಯದು ನಡುಕ. ನಳಿಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನಕ್ಷತ್ರ ತಹಬಂದಿಗೆ ಬರುವವರೆಗೆ ಎಣಿಸಿ. ಎರಡು ಮೂರು ಸೆಕೆಂಡುಗಳಲ್ಲಿ ಶಾಂತವಾದರೆ ಚಿಂತೆಯಿಲ್ಲ. ಐದಾರು ಎಣಿಸಿದರೂ ಕುಣಿಯುತ್ತಿದ್ದರೆ ಕಾಲುಗಳತ್ತ ನೋಡಬೇಕು. ಕಾಲುಗಳನ್ನು ಪೂರ್ತಿ ಉದ್ದಕ್ಕೆ ಎಳೆದು ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಒಂದು ದಂಡದ ಉದ್ದವನ್ನು ಎರಡರಷ್ಟು ಮಾಡಿದರೆ ಬಾಗುವಿಕೆಯನ್ನು ತಡೆಯುವ ಅದರ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾಲುಗಳನ್ನು ಕುಗ್ಗಿಸಿ, ಸ್ಟೂಲಿನ ಮೇಲೆ ಕುಳಿತು ನೋಡಿದರೆ ಅರ್ಧ ರೋಗ ವಾಸಿ. ಮೂರು ಕಾಲುಗಳ ನಡುವೆ ಕಲ್ಲು ತುಂಬಿದ ಚೀಲವನ್ನು ತೂಗುಹಾಕಿದರೆ ಇನ್ನಷ್ಟು ಗುಣ.

ಪಕ್ಕದ ಊರಿನ ಒಂದು ಪ್ರೌಢಶಾಲೆಯಲ್ಲಿ ಮರದ ಕಾಲುಗಳ ದೂರದರ್ಶಕವೊಂದಿತ್ತು. ‘ಗಾಜು ಕೆಟ್ಟಿದೆ, ಶನಿಗ್ರಹ ಮಸುಕಾಗಿ ಕಾಣುತ್ತದೆ’ ಎಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ವಿಜ್ಞಾನದ ಮೇಷ್ಟರೊಬ್ಬರು ಕರೆದಾಗ ಹೋಗಿ ನೋಡಿದೆ. ಗಾಜು ಚೆನ್ನಾಗಿಯೇ ಇತ್ತು. ಒಬ್ಬರು ನಳಿಗೆಯನ್ನು ಮೆಲ್ಲಗೆ ಅಲುಗಿಸುತ್ತಿರಬೇಕು, ಇನ್ನೊಬ್ಬರು ಪ್ರತಿಯೊಂದು ಸಂದಿಗೂ ಅಡ್ಡಲಾಗಿ ಬೆರಳಿಟ್ಟು ಮುಟ್ಟಿ ನೋಡುತ್ತ ಬರಬೇಕು. ಎರಡು ಭಾಗಗಳು ಬೇರೆಬೇರೆಯಾಗಿ ಮಿಸುಕಿದರೆ ಬೆರಳಿಗೆ ಕೂಡಲೇ ಗೊತ್ತಾಗುತ್ತದೆ. ಹಾಗೆ ಮಾಡಿದಾಗ ಕಾಲುಗಳು ತಲೆಯನ್ನು ಸೇರುವ ಕಡೆ ಸಡಿಲು ಸಿಕ್ಕಿತು. ಮಳೆಗಾಲದಲ್ಲಿ ಉಬ್ಬಿದ್ದ ಮರ ಬೇಸಿಗೆಯಲ್ಲಿ ಒಣಗಿ ಕುಗ್ಗಿತ್ತು. ಬೋಲ್ಟುಗಳು ಇದ್ದಲ್ಲಿಯೇ ಇದ್ದವು. ಒಂದು ಸ್ಪ್ಯಾನರ್, ಮೂರು ವಾಷರ್, ಕಾಲು ಗಂಟೆಯ ಕೆಲಸ. ಅಂದು ರಾತ್ರಿ ಹಾಸ್ಟೆಲಿನ ಮಕ್ಕಳು ಸಾಲಾಗಿ ಬಂದು ಶನಿಯ ಉಂಗುರವನ್ನು ಕಂಡರು. ಆ ಬೀಗದ ಹಿಂದೆ ಎಷ್ಟು ತಂಡದ ಮಕ್ಕಳ ಆಕಾಶ ಕೂತಿತ್ತೋ ಎಂದು ಮೇಷ್ಟರು ಪೇಚಾಡಿಕೊಂಡರು.

ಎರಡನೆಯದು ನೆಗೆತ. ಗುಂಡಿಯನ್ನು ತಿರುಗಿಸಿದರೂ ನಕ್ಷತ್ರ ಕದಲದು. ಅರ್ಧ ಸುತ್ತಾದ ಮೇಲೆ ಒಮ್ಮೆಲೇ ಹಾರಿ ಕಣ್ಮರೆಯಾಗುತ್ತದೆ. ಪೀಠದೊಳಗೆ ಹಲ್ಲುಚಕ್ರವೊಂದನ್ನು ತಿರುಪಿನಂಥ ದಂಡವೊಂದು ತಿರುಗಿಸುತ್ತಿರುತ್ತದೆ. ಇದಕ್ಕೆ ವರ್ಮ್ ಎಂದು ಹೆಸರು. ಹಲ್ಲಿಗೂ ತಿರುಪಿಗೂ ನಡುವೆ ಇರುವ ಎಡೆಯನ್ನು ನಮ್ಮ ಮೆಕ್ಯಾನಿಕರು ‘ಪ್ಲೇ’ ಎನ್ನುತ್ತಾರೆ. ಇಲ್ಲಿ ಆತುರಪಟ್ಟು ತಿರುಪನ್ನು ಬಿಗಿಯುವುದು ಸಲ್ಲದು. ಮೊದಲು ತೂಕ ನೋಡಬೇಕು. ಹಿಡಿಕೆಗಳನ್ನೆಲ್ಲ ಸಡಿಲಿಸಿದಾಗ ನಳಿಗೆ ಇಟ್ಟಲ್ಲಿ ನಿಲ್ಲಬೇಕು, ತಕ್ಕಡಿಯಂತೆ. ನಿಂತ ಮೇಲೆ ಪೂರ್ವದ ಪಕ್ಕಕ್ಕೆ ಕೂದಲೆಳೆಯಷ್ಟು ಭಾರ ಹೆಚ್ಚಿಸಿದರೆ ಹಲ್ಲುಗಳು ಸದಾ ಒಂದೇ ಬದಿಗೆ ಒತ್ತಿಕೊಂಡಿರುತ್ತವೆ. ಎಡೆ ಇದ್ದರೂ ಉಪದ್ರವ ಕೊಡದು. ಅಷ್ಟಕ್ಕೂ ಗುಣವಾಗದಿದ್ದರೆ ಹಳೆಯ ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು, ಹೊಸದನ್ನು ತೆಳ್ಳಗೆ ಸವರಿ, ಬಳಿಕ ವರ್ಮನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ಸರಿಸಬೇಕು. ಚಕ್ರ ಪೂರ್ತಿ ಒಂದು ಸುತ್ತು ಬರುವಾಗ ಎಲ್ಲಿಯೂ ಬಿಗಿಯಬಾರದು. ಬಿಗಿದರೆ ಮೋಟಾರು ಮುಗ್ಗರಿಸುತ್ತದೆ, ಹಲ್ಲು ಸವೆಯುತ್ತದೆ.

ತಿರುಗುವ ಅಂಗಗಳ ಘರ್ಷಣೆಯೊಡನೆ ದೊಡ್ಡವರೂ ಹೋರಾಡಿದ್ದಾರೆ. ಮೌಂಟ್ ವಿಲ್ಸನ್ನಿನಲ್ಲಿ 1917ರಲ್ಲಿ ಸಿದ್ಧವಾದ ನೂರು ಅಂಗುಲದ ದೂರದರ್ಶಕದ ಭಾರವನ್ನು ಪಾದರಸದ ಮೇಲೆ ತೇಲಿಸಿದರು. ಪಾಲೊಮಾರಿನಲ್ಲಿ 1948ರಲ್ಲಿ ಉದ್ಘಾಟನೆಯಾದ ಇನ್ನೂರು ಅಂಗುಲದ್ದನ್ನು ಎಣ್ಣೆಯ ತೆಳುಪದರದ ಮೇಲೆ ತೇಲಿಸಿದರು. ಬಡವರಿಗೆ ಒದಗುವ ಉತ್ತರವನ್ನು ಕೊಟ್ಟವರು ಜಾನ್ ಡಾಬ್ಸನ್. ಅವರು ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠವನ್ನು 1944ರಲ್ಲಿ ಸೇರಿ 1967ರವರೆಗೆ ಸನ್ನ್ಯಾಸಿಯಾಗಿದ್ದವರು. ಆಮೇಲೆ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಆಕಾಶವನ್ನು ತೋರಿಸಿದವರು. ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ನಳಿಗೆಯನ್ನು ಕೂರಿಸಿದ ಅವರ ಬಗೆಯ ಪೀಠದಲ್ಲಿ ಹಲ್ಲುಚಕ್ರವೇ ಇಲ್ಲ. ಟೆಫ್ಲಾನ್ ತುಂಡುಗಳ ಮೇಲೆ ಅದು ಜಾರುತ್ತದೆ. ತಳ್ಳಿದಾಗ ಮೊದಲು ಮೊಂಡು ಹಿಡಿದು ಆಮೇಲೆ ನೆಗೆದರೆ ಧೂಳು ಒರೆಸಿ, ಜಾರುವ ಮೈಗೆ ಮೇಣ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೂರನೆಯದು ಜಾರುವಿಕೆ. ಮೋಟಾರು ಓಡುತ್ತಿದ್ದರೂ ನಕ್ಷತ್ರ ನಿಲ್ಲದು. ಇಲ್ಲಿ ಗಡಿಯಾರವನ್ನು ಕೈಯಲ್ಲಿ ಹಿಡಿಯಬೇಕು. ಹಲ್ಲುಚಕ್ರಕ್ಕೆ 144 ಹಲ್ಲುಗಳಿದ್ದರೆ ವರ್ಮ್ ಸುಮಾರು ಹತ್ತು ನಿಮಿಷಕ್ಕೊಮ್ಮೆ ಸುತ್ತುತ್ತದೆ. ನಕ್ಷತ್ರ ಪೂರ್ವಪಶ್ಚಿಮವಾಗಿ ಓಲಾಡಿ ಹತ್ತು ನಿಮಿಷಕ್ಕೊಮ್ಮೆ ಅದೇ ಓಲಾಟವನ್ನು ಮರಳಿಸಿದರೆ ಅಪರಾಧಿ ವರ್ಮೇ. ಉತ್ತರಕ್ಕೋ ದಕ್ಷಿಣಕ್ಕೋ ಒಂದೇ ಸಮನೆ ಜಾರಿದರೆ ಯಂತ್ರ ನಿರಪರಾಧಿ. ಅಕ್ಷ ಧ್ರುವದತ್ತ ನೆಟ್ಟಿಲ್ಲ ಎಂದರ್ಥ.

ಕನ್ನಡನಾಡಿಗೆ ಇದೊಂದು ವಿಶೇಷ ತೊಡಕು. ಧ್ರುವನಕ್ಷತ್ರ ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತದೆ. ತೆಂಗಿನ ಮರ, ನೆರೆಮನೆ, ಧೂಳು ಯಾವುದಾದರೂ ಅದನ್ನು ಮರೆಮಾಡುತ್ತದೆ. ಆಗ ಬೇರೆ ನಕ್ಷತ್ರಗಳನ್ನೇ ಕೇಳಬೇಕು. ಖಗೋಳದ ಮಧ್ಯರೇಖೆಯ ಬಳಿ, ನೆತ್ತಿಯ ಉತ್ತರದಕ್ಷಿಣ ಗೆರೆಯಲ್ಲಿರುವ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಸರಿದಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಪೂರ್ವದಲ್ಲಿ ಏರುತ್ತಿರುವ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ತೀರ ತಗ್ಗು. ಉತ್ತರಕ್ಕೆ ಜಾರಿದರೆ ತೀರ ಎತ್ತರ. ಇನ್ನೊಂದು ಮಾತು: ಅಕ್ಷ ಇಷ್ಟು ಕೆಳಗೆ ಬಾಗಿದಾಗ ಎದುರುತೂಕದ ದಂಡ ಉತ್ತರದ ಕಾಲಿಗೆ ಬಡಿಯಬಹುದು. ಉತ್ತರ ದಿಕ್ಕು ಎರಡು ಕಾಲುಗಳ ನಡುವೆ ಬರುವಂತೆ ತಿರುಗಿಸಿ, ಕಾಲುಗಳನ್ನು ಚೆನ್ನಾಗಿ ಅಗಲಿಸಿಟ್ಟರೆ ದಂಡಕ್ಕೆ ಎಡೆ ಸಿಗುತ್ತದೆ.

ಎಲ್ಲಕ್ಕೂ ಮೇಲಾದ ನಿಯಮ ಒಂದಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಡಿ, ಮತ್ತೆ ನಕ್ಷತ್ರವನ್ನು ನೋಡಿ. ನಾಲ್ಕು ತಿರುಪುಗಳನ್ನು ಒಟ್ಟಿಗೆ ತಿರುವಿದವನಿಗೆ ಪೀಠ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯದು. ಮುಂದಿನ ಸಲ ಕೆಟ್ಟಾಗ ಅವನು ಮತ್ತೆ ಅಸಹಾಯಕ.

ನಿಮ್ಮ ಮನೆಯ ಅಟ್ಟದಲ್ಲೋ ಊರಿನ ಶಾಲೆಯ ಬೀರುವಿನಲ್ಲೋ ಇಂಥ ದೂರದರ್ಶಕವೊಂದಿದ್ದರೆ ಈ ಭಾನುವಾರ ಕೆಳಗಿಳಿಸಿ. ಸಂದಿಗಳನ್ನೂ ತೂಕವನ್ನೂ ಹಗಲಿನಲ್ಲೇ ಪರೀಕ್ಷಿಸಬಹುದು. ನಳಿಗೆಯನ್ನು ಸೂರ್ಯನತ್ತ ಮಾತ್ರ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಕತ್ತಲಾದ ಮೇಲೆ ಒಂದು ನಕ್ಷತ್ರವನ್ನು ಹಿಡಿದು, ಮೆಲ್ಲಗೆ ತಟ್ಟಿ, ಎಣಿಸಲು ತೊಡಗಿ. ಉಳಿದುದನ್ನು ಅದೇ ಹೇಳಿಕೊಡುತ್ತದೆ.