ಬಿಸಿನೀರಿಗೂ ತಂಪುಗಾಳಿಗೂ ಯಾರ ರುಜು ಬೇಕು?

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನನ್ನು ಕೇಳಿ ನೋಡಿ. ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ ಬೇಕು, ಬೆಳೆದ ಹುಳುವಿಗೆ 24-25 ಸಾಕು ಎಂದು ಬಾಯಿಪಾಠ ಒಪ್ಪಿಸುತ್ತಾನೆ. ಚಳಿಗೆ ಇದ್ದಿಲ ಒಲೆ ಇಡುತ್ತಾನೆ, ಬೇಸಗೆಗೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾನೆ. ಹುಳುವಿಗೆ ಇಷ್ಟು ಲೆಕ್ಕವಿದೆ. ಗೌರಿಬಿದನೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಶೀಟಿನ ಮನೆಯಲ್ಲಿ ಮಲಗುವ ಕಾರ್ಮಿಕನಿಗೆ ಎಷ್ಟು ಡಿಗ್ರಿ ಬೇಕೆಂದು ಕೇಳಿದವರುಂಟೆ?

ಅವನು ಕೂಲರ್ ತರುತ್ತಾನೆ. ಬಚ್ಚಲಿನ ಹಂಡೆಗೆ ಹಿಪ್ಪುನೇರಳೆ ಕಡ್ಡಿ ಉರಿಸುತ್ತಿದ್ದ ಮನೆಯವರು ಗೀಸರ್ ತರುತ್ತಾರೆ. ಚಿಂತಾಮಣಿಯ ಅಂಗಡಿಯವನು ಮಳಿಗೆಯ ಮೇಲಿನ ಮನೆಗೆ ಏ.ಸಿ. ಹಾಕಿಸುತ್ತಾನೆ. ಇಲ್ಲಿಂದ ಕಾಗದದ ಕಥೆ ಆರಂಭವಾಗುತ್ತದೆ.

ಮನೆಯ ಮೀಟರಿಗೆ ಇಷ್ಟು ಕಿಲೋವಾಟ್ ಎಂದು ಮಂಜೂರಾದ ಲೋಡ್ ಇರುತ್ತದೆ. ಒಂದು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಎರಡು ಕಿಲೋವಾಟಿನ ಗೀಸರ್ ಉರಿಸುವುದಾದರೆ ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಈ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಎರಡು ಕಿಲೋವಾಟ್ ಎಂದರೆ ಸುಮಾರು ಒಂಬತ್ತು ಆಂಪಿಯರ್. ದೀಪಕ್ಕೆಂದು ಎಳೆದ ಸಣ್ಣ ತಂತಿಯಲ್ಲಿ, ಅರ್ಥಿಂಗ್ ಇಲ್ಲದ ಬಚ್ಚಲಿನಲ್ಲಿ ಅದನ್ನು ಹರಿಸುವುದು ಪ್ರಾಣದೊಡನೆ ಆಟ. ಸಾಲುಮನೆಯಲ್ಲಿ ಒಬ್ಬನ ತಂತಿ ಹೊತ್ತಿಕೊಂಡರೆ ಹತ್ತು ಮನೆ ಉರಿಯುತ್ತವೆ. ಪರವಾನಗಿ ಇರಲಿ. ಅದಕ್ಕೆ ಯಾರ ರುಜು ಬೇಕು ಎಂಬುದರಲ್ಲಿ ನನ್ನ ತಕರಾರು.

ಮೀಟರು ಮಾಲಿಕನ ಹೆಸರಿನಲ್ಲಿದೆ, ಖಾತೆ ಅವನದು, ಕರಾರುಪತ್ರ ಎಷ್ಟೋ ಕಡೆ ಬರೀ ಬಾಯಿಮಾತು. ಲೋಡ್ ಹೆಚ್ಚಿದರೆ ಕಿಲೋವಾಟಿನ ಲೆಕ್ಕದಲ್ಲಿ ನಿಗದಿತ ಶುಲ್ಕವೂ ಹೆಚ್ಚುತ್ತದೆ. ಅದನ್ನು ಕಟ್ಟುವವನು ಬಾಡಿಗೆದಾರ, ರುಜು ಮಾಡಬೇಕಾದವನು ಮಾಲಿಕ. ಅವನು ಬೆಂಗಳೂರಿನಲ್ಲಿದ್ದಾನೆ, ಇಲ್ಲವೆ ರುಜುವಿಗೆ ಪ್ರತಿಯಾಗಿ ಬಾಡಿಗೆ ಏರಿಸುತ್ತಾನೆ. ಆದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 43ನೆಯ ಕಲಮು ಏನು ಹೇಳುತ್ತದೆ? ಕಟ್ಟಡದ ಮಾಲಿಕ "ಅಥವಾ ಅದರಲ್ಲಿ ವಾಸಿಸುವವನು" ಅರ್ಜಿ ಕೊಟ್ಟರೆ ವಿದ್ಯುತ್ ಒದಗಿಸಬೇಕು ಎಂಬುದು ಅದರ ತಾತ್ಪರ್ಯ. ಆ "ಅಥವಾ" ನಮ್ಮದು, ಬಂಧುಗಳೆ. ಅದನ್ನು ಕೌಂಟರಿನಲ್ಲಿ ನುಂಗಿಹಾಕಲು ಬಿಡಬಾರದು.

ಹೊಸದಾಗಿ ಮನೆ ಕಟ್ಟುವವರ ಪಾಡು ಬೇರೆ. ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಇದ್ದರಷ್ಟೇ ಸಂಪರ್ಕ ಎಂಬ ಕಟ್ಟಳೆ ನಮ್ಮ ರಾಜ್ಯದಲ್ಲಿ 2007ರಲ್ಲಿ ಬಂತು. ಉದ್ದೇಶ ಒಳ್ಳೆಯದೆ. (ನಮ್ಮ ಬೋರಿನ ಗಡಸು ನೀರು ಅದರ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುವುದನ್ನು ಕಟ್ಟಳೆ ಬರೆದವರು ನೋಡಿದ್ದರೋ ಇಲ್ಲವೋ!) ಆಮೇಲೆ ಮೀರತ್ ನಗರದ ಒಂದು ಅಕ್ರಮ ಕಟ್ಟಡದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ಕಟ್ಟಡ ಪೂರ್ಣಗೊಂಡ ಪತ್ರ ಇಲ್ಲವೆ ಓ.ಸಿ. ತೋರಿಸಿದ ಮೇಲಷ್ಟೇ ವಿದ್ಯುತ್ತು, ನೀರು. ಅಕ್ರಮ ಬಿಲ್ಡರನಿಗೆ ಹಾಕಿದ ಬೀಗ, 30-40ರ ನಿವೇಶನದಲ್ಲಿ ಸಾಲ ಮಾಡಿ ಸೂರು ಕಟ್ಟಿದವನ ಬಾಗಿಲಿಗೂ ಬಿತ್ತು. ಗೋಳು ಮುಗಿಲು ಮುಟ್ಟಿದ ಮೇಲೆ, 2025ರ ಅಕ್ಟೋಬರಿನಲ್ಲಿ, ಸರಕಾರ ಬೆಂಗಳೂರಿನ 1200 ಚದರಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿ ಪ್ರಕಟಿಸಿತು. ಮೊದಲು ರಾಜಧಾನಿ, ಆಮೇಲೆ ನಾವು. ಇದು ಹಳೆಯ ಪದ್ಧತಿ.

ಗೃಹಜ್ಯೋತಿಯ ಲೆಕ್ಕವನ್ನೂ ಮರೆಯಬೇಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಎರಡು ಕಿಲೋವಾಟಿನ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಹಾಕಿದರೆ ತಿಂಗಳಿಗೆ 30 ಯೂನಿಟ್. 150 ವಾಟಿನ ಕೂಲರ್ ದಿನಕ್ಕೆ ಎಂಟು ಗಂಟೆ ತಿರುಗಿದರೆ 36. ಏ.ಸಿ. ದಿನಕ್ಕೆ ಐದು ಯೂನಿಟ್ ತಿಂದರೆ ಅದೊಂದೇ 150. ಅಂಗಡಿಯವರು ಇದನ್ನು ಹೇಳಿ ಮಾರುವುದಿಲ್ಲ. ಕೊಳ್ಳುವ ಮುನ್ನ ನೀವೇ ಲೆಕ್ಕ ಹಾಕಿ.

ಈಗ ಮಾಡಬೇಕಾದ ಕೆಲಸ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿದೆ. ಅರ್ಜಿ ಸರಿಯಾಗಿದ್ದರೆ ಹೊಸ ಸಂಪರ್ಕವಾಗಲಿ, ಇರುವ ಸಂಪರ್ಕದ ಬದಲಾವಣೆಯಾಗಲಿ, ಪುರಸಭೆಯ ಊರಿನಲ್ಲಿ ಏಳು ದಿನ, ಹಳ್ಳಿಯಲ್ಲಿ ಹದಿನೈದು ದಿನದೊಳಗೆ ಆಗಬೇಕು. "ನಾಳೆ ಬಾ" ಎಂಬ ಮಾತಿಗೆ ತಾರೀಖಿಲ್ಲ. ಆದ್ದರಿಂದ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನೂ ಬರೆದು ಕೊಡಿ ಎನ್ನಿ. ಅದನ್ನು ಹಿಡಿದು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬಹುದು. ಬಾಡಿಗೆ ಕರಾರನ್ನು ಇಂದೇ ಕಾಗದದ ಮೇಲೆ ತನ್ನಿ. ಒಬ್ಬೊಬ್ಬರೇ ಹೋಗಬೇಡಿ. ಒಂದು ಸಾಲುಮನೆಯ ಹತ್ತು ಜನ ಒಂದೇ ದಿನ ಹತ್ತು ಅರ್ಜಿ ಹಿಡಿದು ನಿಲ್ಲಿ. ಅರ್ಜಿ ಬರೆಯಲು ಬಾರದವರು ಈ ಸಭೆ ಮುಗಿದೊಡನೆ ಇಲ್ಲೇ ಕುಳಿತುಕೊಳ್ಳಿ, ಬರೆದುಕೊಡುತ್ತೇವೆ.