ಕೇಳುಗರ ಊರಿನಿಂದ ಕಥೆ ಶುರು

ಭಾಷಣ ಕಲಿಯಬೇಕೆನ್ನುವ ಹುಡುಗರಿಗೆ ನಾನು ಮೊದಲು ಹೇಳುವ ಹೆಸರು ದರೋಜಿ ಈರಮ್ಮನವರದು. 2014ರಲ್ಲಿ ತೀರಿಕೊಂಡ ಈ ಬುರ್ರಕಥೆಯ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ದೊಡ್ಡ ದೊಡ್ಡ ಕಾವ್ಯಗಳೆಲ್ಲ ನಾಲಿಗೆಯ ಮೇಲಿದ್ದವು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು.

ಬುರ್ರಕಥೆಯಲ್ಲಿ ತಂಬೂರಿ ಹಿಡಿದವರು ಕಥೆ ಹೇಳುತ್ತಾರೆ. ಪಕ್ಕದಲ್ಲಿ ದಿಮ್ಮಿ ಬಾರಿಸುವವರು ಸುಮ್ಮನಿರುವುದಿಲ್ಲ: ಹ್ಞೂಗುಡುತ್ತಾರೆ, ಸೊಲ್ಲೆತ್ತುತ್ತಾರೆ, ‘ಆಮೇಲೇನಾಯ್ತು?’ ಅನ್ನುತ್ತಾರೆ. ಜನರ ಮನಸ್ಸಿನ ಪ್ರಶ್ನೆ ವೇದಿಕೆಯ ಮೇಲೇ ಬಂದುಬಿಡುತ್ತದೆ. ಮೈಕಿನ ಮುಂದೆ ಒಬ್ಬರೇ ನಿಲ್ಲುವ ನಮಗೆ ಆ ಭಾಗ್ಯವಿಲ್ಲ. ಆ ಪ್ರಶ್ನೆಯನ್ನು ನಾವೇ ಊಹಿಸಿಕೊಂಡು ಬರಬೇಕು.

ಆ ಪ್ರಶ್ನೆ ಊರಿಂದ ಊರಿಗೆ ಬದಲಾಗುತ್ತದೆ. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನೇ ನೋಡಿ. ಕಂಪ್ಲಿಯಲ್ಲಿ ನಿಂತು ಕಂಪಿಲರಾಯ ಯಾರೆಂದು ವಿವರಿಸಿದರೆ ಜನ ಎದ್ದು ಹೋದಾರು. ಅವನು ಅವರ ಊರಿನ ದೊರೆ. ಸಂಡೂರಿನವರಿಗೆ ರಾಮನಮಲೆ ಅಂದರೆ ಸಾಕು, ಬೆಟ್ಟ ಕಣ್ಣೆದುರಿಗೇ ಇದೆ. ಹಂಪಿ ನೋಡಲು ದೂರದಿಂದ ಬಂದ ವಿದ್ಯಾರ್ಥಿಗಳಿಗಾದರೆ ವಿಜಯನಗರಕ್ಕೂ ಮೊದಲು ಇಲ್ಲಿ ಒಂದು ರಾಜ್ಯವಿತ್ತು, ದೆಹಲಿಯ ತುಘಲಕನ ಸೈನ್ಯ ಸುಮಾರು 1327ರಲ್ಲಿ ಅದನ್ನು ಮುಗಿಸಿತು ಎಂಬಲ್ಲಿಂದಲೇ ಹೊರಡಬೇಕು. ಮಕ್ಕಳಿದ್ದರೆ ಚೆಂಡಾಟದಿಂದ. ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದದ್ದೇ ಅನಾಹುತಕ್ಕೆ ಬಾಗಿಲು ತೆರೆಯಿತಲ್ಲ!

ಹೆಣ್ಣುಮಕ್ಕಳು ತುಂಬಿದ ಸಭೆಯಲ್ಲಿ ನಾನು ರತ್ನಾಜಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಥೆಯ ಕೆಲವು ಪಾಠಗಳಲ್ಲಿ ಅವಳು ರಾಮನಿಗೆಂದೇ ನೋಡಿದ್ದ ಹೆಣ್ಣು. ಮುದಿ ರಾಜ ತಾನೇ ಮದುವೆಯಾದ. ಇದು ತಿಳಿದ ಮೇಲೆ, ಅವಳು ರಾಮನ ಮೇಲೆ ಹೊರಿಸಿದ ಆರೋಪ ಸುಳ್ಳೇ, ಆದರೆ ಅವಳ ಉರಿಯ ಮೂಲ ಕಾಣುತ್ತದೆ. ಗಂಡಸರೇ ಕೂತಿದ್ದಾರೆಂದು ಅದನ್ನು ಬಿಟ್ಟುಬಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸಭೆ ನೋಡಿ ಕಥೆಯ ಬಾಗಿಲು ಬದಲಿಸಬಹುದು, ಸತ್ಯವನ್ನು ಮುಚ್ಚಿಡುವಂತಿಲ್ಲ. ಆ ಆರೋಪ ನಂಬಿ ಮಗನ ತಲೆ ತೆಗೆಯಿರೆಂದ ತಂದೆ, ರಾಮನನ್ನು ಬಚ್ಚಿಟ್ಟು ಕಾಪಾಡಿದ ಮಂತ್ರಿ ಬೈಚಪ್ಪ, ಕೊನೆಯ ಯುದ್ಧದಲ್ಲಿ ರಾಮನ ಸಾವು, ಇವು ಎಲ್ಲರ ಪಾಲಿಗೂ ಸಲ್ಲಬೇಕು.

ಹೊಸಪೇಟೆಯ ಈ ಸಭೆಯಲ್ಲಿ ಈರಮ್ಮನವರನ್ನು ಎದುರಿಗೆ ಕೂತು ಕೇಳಿದ ಹಿರಿಯರಿದ್ದರೆ ದಯವಿಟ್ಟು ಸ್ವಲ್ಪ ಹೊತ್ತು ಉಳಿಯಿರಿ. ಯಾವ ಊರಲ್ಲಿ ಎಲ್ಲಿಂದ ಎತ್ತಿಕೊಂಡರು, ಯಾರನ್ನು ನೋಡಿ ಯಾವ ಮಾತು ಸೇರಿಸಿದರು, ಹೇಳಿ, ಇವತ್ತೇ ಬರೆದಿಟ್ಟುಕೊಳ್ಳೋಣ.